ಬೇಲಿ ಹಾರುವ ನಾಟಿ ಕೋಳಿ: ರೆಕ್ಕೆಗೆ ಕತ್ತರಿ ಹಾಕುವ ಮೊದಲು

ಪ್ರಶ್ನೆ: ತಿಪಟೂರು ಕಡೆ ನಮ್ಮದು ಒಂದೂವರೆ ಎಕರೆ ತೆಂಗಿನ ತೋಟ. 35 ನಾಟಿ ಕೋಳಿ ಇವೆ, ಅದರಲ್ಲಿ 3 ಹುಂಜ. ಕಲ್ಲು ಕಂಬ ನೆಟ್ಟು 5 ಅಡಿ ಚೈನ್ ಲಿಂಕ್ ಬೇಲಿ ಹಾಕಿಸಿದ್ದೇವೆ. ಆದರೂ ದಿನಾ ಹಾರಿ ಪಕ್ಕದ ತೋಟದವರ ಸೊಪ್ಪಿನ ಮಡಿಗೆ ಹೋಗಿ ಕೆದಕುತ್ತವೆ. ಮಾತು ಜಗಳದ ತನಕ ಬಂದಿದೆ. ರೆಕ್ಕೆ ಕತ್ತರಿಸಿ ಅಂತ ಎಲ್ಲರೂ ಹೇಳುತ್ತಿದ್ದಾರೆ. ಕತ್ತರಿಸಿದರೆ ನೋವಾಗುತ್ತದಾ? ಬೇಲಿ ಎಷ್ಟು ಎತ್ತರ ಇರಬೇಕು? ಹಾವಿನ ಕಾಟಕ್ಕೆ ಗಿನಿ ಕೋಳಿ ತರಬೇಕು ಅಂತಲೂ ಯೋಚನೆ ಇದೆ, ತರಬಹುದಾ?

ಉತ್ತರ: ಮೊದಲು ನೋವಿನ ವಿಷಯ ಹೇಳಿಬಿಡುತ್ತೇನೆ, ಯಾಕೆಂದರೆ ನಿಮಗೆ ಅದೇ ಚಿಂತೆ ಅಂತ ಕಾಣುತ್ತದೆ. ಪೂರ್ತಿ ಬಲಿತ ಗರಿಯನ್ನು ಸರಿಯಾದ ಜಾಗದಲ್ಲಿ ಕತ್ತರಿಸಿದರೆ ಕೋಳಿಗೆ ನೋವಾಗುವುದಿಲ್ಲ. ನಾವು ಉಗುರು ಕತ್ತರಿಸಿಕೊಂಡ ಹಾಗೆಯೇ. ಗರಿ, ಉಗುರು ಎರಡೂ ಕೆರಾಟಿನ್ ಅನ್ನುವ ಒಂದೇ ಜಾತಿಯ ವಸ್ತುವಿನಿಂದ ಆದವು, ಬಲಿತ ಮೇಲೆ ಅದರೊಳಗೆ ರಕ್ತವೂ ಇಲ್ಲ, ನರವೂ ಇಲ್ಲ. ಆದರೆ ಇನ್ನೂ ಬೆಳೆಯುತ್ತಿರುವ ಗರಿಗೆ ಕತ್ತರಿ ಬಿದ್ದರೆ ನೋವೂ ಆಗುತ್ತದೆ, ರಕ್ತವೂ ಸುರಿಯುತ್ತದೆ. ಅದನ್ನು ಗುರುತಿಸುವುದು ಹೇಗೆ ಅಂತ ಮುಂದೆ ಬಿಡಿಸಿ ಹೇಳುತ್ತೇನೆ.

ಆದರೆ ನನ್ನನ್ನು ಕೇಳಿದರೆ ನೀವು ಈಗಲೇ ಕತ್ತರಿ ಹಿಡಿಯಬೇಡಿ. 35 ಕೋಳಿಯ ರೆಕ್ಕೆಯನ್ನೂ ಕತ್ತರಿಸುವುದಂತೂ ಬೇಡವೇ ಬೇಡ. ನಾನು ಇಪ್ಪತ್ತು ವರ್ಷದಿಂದ ನಾಟಿ ಕೋಳಿ ಸಾಕುತ್ತಿದ್ದೇನೆ. ಶುರುವಿನ ವರ್ಷಗಳಲ್ಲಿ ನಾನೂ ಇದೇ ಕೆಲಸ ಮಾಡಿದೆ. 22 ಹೇಂಟೆಗಳನ್ನು ಒಂದೇ ಸಂಜೆ ಹಿಡಿದು, ಎರಡೂ ರೆಕ್ಕೆಯ ಗರಿ ಕತ್ತರಿಸಿದೆ. ಬೇಲಿ ಹಾರುವುದು ನಿಂತಿತು, ಒಂದು ವಾರ ನೆಮ್ಮದಿ. ಎಂಟನೇ ದಿನ ಮಧ್ಯಾಹ್ನ ಗೇಟಿನ ಕೆಳಗಿನ ಸಂದಿಯಲ್ಲಿ ಎರಡು ನಾಯಿ ನುಗ್ಗಿದವು. ರೆಕ್ಕೆ ಇದ್ದಿದ್ದರೆ ಅವು ಪಕ್ಕದ ಹಲಸಿನ ಮರಕ್ಕೋ ಮನೆಯ ಹೆಂಚಿಗೋ ಹಾರುತ್ತಿದ್ದವು. ನೆಲ ಬಿಟ್ಟು ಮೇಲೇಳಲು ಆಗದೆ ಬೇಲಿಯ ಮೂಲೆಗೆ ಹೋಗಿ ಒತ್ತಿಕೊಂಡು ನಿಂತವು. ನಾನು ಓಡಿ ಬರುವ ಹೊತ್ತಿಗೆ 9 ಹೋಗಿದ್ದವು. ಆ ಮೂಲೆ ಇವತ್ತಿಗೂ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಅದಕ್ಕೇ ಹೇಳುವುದು, ರೆಕ್ಕೆ ಕತ್ತರಿಸಿದ ಕೋಳಿಯ ಪ್ರಾಣ ಪೂರ್ತಿ ನಿಮ್ಮ ಬೇಲಿಯ ಮೇಲೆಯೇ ನಿಂತಿರುತ್ತದೆ. ಹಾಗಾಗಿ ಮೊದಲು ಬೇಲಿ ಗಟ್ಟಿ ಆಗಬೇಕು. ಅದಕ್ಕೂ ಮೊದಲು ಕೋಳಿ ಯಾಕೆ ಹಾರುತ್ತಿದೆ ಅಂತ ಗೊತ್ತಾಗಬೇಕು.

ಇದಕ್ಕೆ ಎರಡು ದಿನ ಸುಮ್ನೆ ಕೂತು ನೋಡಿ. ನಿಜವಾಗಿ ಹೇಳುತ್ತಿದ್ದೇನೆ, ಬೇರೆ ಕೆಲಸ ಬಿಟ್ಟು ಬೆಳಗ್ಗೆ ಬಾಗಿಲು ತೆಗೆದಾಗಿನಿಂದ ಹತ್ತು ಗಂಟೆ ತನಕ ಒಂದು ಕಡೆ ಕೂರಿ. 35 ಕೋಳಿಯೂ ಹಾರುವುದಿಲ್ಲ, ನೀವೇ ನೋಡುತ್ತೀರಿ. ನಾಲ್ಕೋ ಐದೋ ಮುಂದಾಳುಗಳಿರುತ್ತವೆ, ಅವು ದಾರಿ ತೋರಿಸಿದ ಮೇಲೆ ಉಳಿದವು ಹಿಂದೆ ಹೋಗುತ್ತವೆ. ಹುಂಜ ಹಾರಿದರಂತೂ ಮುಗಿಯಿತು, ಅದು ಆಚೆ ನಿಂತು ಕೊಕ್ಕೊಕ್ ಅಂತ ಕರೆದರೆ ಹೇಂಟೆಗಳು ಈಚೆ ನಿಲ್ಲುವುದಿಲ್ಲ. ಹಾಗೆ ಮೊದಲು ಹಾರುವ ಕೋಳಿಗಳ ಕಾಲಿಗೆ ಬಣ್ಣದ ಪ್ಲಾಸ್ಟಿಕ್ ಬಳೆ ಹಾಕಿ. ದಾರ ಕಟ್ಟಬೇಡಿ, ಅದು ಬಿಗಿಯಾಗಿ ಕಾಲು ಕೊರೆಯುತ್ತದೆ. ಎಲ್ಲಿಂದ ಹಾರುತ್ತವೆ ಅನ್ನುವುದನ್ನೂ ಗುರುತು ಮಾಡಿಕೊಳ್ಳಿ. ಬೇಲಿಯ ಉದ್ದಕ್ಕೂ ಎಲ್ಲೆಂದರಲ್ಲಿ ಹಾರುವುದಿಲ್ಲ, ಅವಕ್ಕೆ ಒಂದೆರಡು ಖಾಯಂ ಜಾಗ ಇರುತ್ತದೆ.

ಆ ಜಾಗಕ್ಕೆ ಹೋಗಿ ನೋಡಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ತೆಂಗಿನ ಮಟ್ಟೆಯ ರಾಶಿ, ಹಳೇ ಡ್ರಮ್ಮು, ಹುಲ್ಲಿನ ಬಣವೆ, ಕುರಿ ಕಟ್ಟುವ ಗುಡಿಸಲಿನ ಮಾಡು, ಬೇಲಿಗೆ ತಾಗಿ ಬೆಳೆದ ಸೀಬೆ ಗಿಡ, ಹೀಗೆ ಏನಾದರೂ ಒಂದು ಇದ್ದೇ ಇರುತ್ತದೆ. ಮೂರಡಿ ರಾಶಿಯ ಮೇಲೆ ಹತ್ತಿ ನಿಂತ ಕೋಳಿಗೆ ನಿಮ್ಮ 5 ಅಡಿ ಬೇಲಿ ಬರೀ ಎರಡಡಿ. ಅದಕ್ಕೆ ಹಾರುವ ಅಗತ್ಯವೇ ಇಲ್ಲ, ಜಿಗಿದರೆ ಸಾಕು. ಬೇಲಿಯ ಒಳಗಡೆ ಐದಾರು ಅಡಿ ತನಕ ಏನೂ ಇಡಬೇಡಿ, ಬೇಲಿ ಕಡೆ ಚಾಚಿದ ಕೊಂಬೆ ಸವರಿ. ಇದಕ್ಕೆ ಒಂದು ರೂಪಾಯಿ ಖರ್ಚೂ ಇಲ್ಲ.

ಇನ್ನೊಂದು ವಿಷಯ, ಬಹಳ ಜನ ಇದನ್ನು ಗಮನಿಸುವುದಿಲ್ಲ. ಕೋಳಿ ಬೇಲಿಯನ್ನು ಹಕ್ಕಿಯ ಹಾಗೆ ಒಂದೇ ಸಲ ದಾಟಿ ಹಾರುವುದು ಕಡಿಮೆ. ಮೊದಲು ಬೇಲಿಯ ತುದಿಗೆ ಹಾರುತ್ತದೆ, ಅಲ್ಲಿ ಕಾಲೂರಿ ಕೂರುತ್ತದೆ, ಆಚೆ ಈಚೆ ನೋಡುತ್ತದೆ, ಆಮೇಲೆ ಆಚೆ ಇಳಿಯುತ್ತದೆ. ಕಾಲೂರಲು ಗಟ್ಟಿ ಜಾಗ ಕಂಡರೆ ಮಾತ್ರ ಅದಕ್ಕೆ ಹಾರುವ ಧೈರ್ಯ. ನಿಮ್ಮ ಬೇಲಿಯಲ್ಲಿ ಆ ಗಟ್ಟಿ ಜಾಗ ಯಾವುದು ಗೊತ್ತಾ? ಕಲ್ಲು ಕಂಬದ ತಲೆ! ತುಮಕೂರು, ತಿಪಟೂರು ಕಡೆಯ ಆ ಚಪ್ಪಟೆ ಕಲ್ಲು ಕಂಬದ ತಲೆಯ ಮೇಲೆ ಕೋಳಿ ಆರಾಮಾಗಿ ಕೂರಬಹುದು. ಬೇಲಿಯ ಮೇಲಂಚಿಗೆ ಪೈಪೋ ಬಿದಿರಿನ ಅಡ್ಡಗಳುವೋ ಹಾಕಿದ್ದರೆ ಅದೂ ಕೂರುವ ಕೋಲಾಗುತ್ತದೆ.

ಅದಕ್ಕೆ ಬೇಲಿಯನ್ನು ಎತ್ತರ ಮಾಡುವಾಗ ಗಟ್ಟಿಯಾಗಿ ಎತ್ತರ ಮಾಡಬೇಡಿ, ಸಡಿಲವಾಗಿ ಎತ್ತರ ಮಾಡಿ. ಪ್ರತಿ ಕಲ್ಲು ಕಂಬಕ್ಕೂ ಒಂದು ಸಣ್ಣ ಬಿದಿರಿನ ಗಳುವನ್ನು ತಂತಿಯಿಂದ ಬಿಗಿದು, ಕಂಬದ ತಲೆಗಿಂತ ಎರಡಡಿ ಮೇಲಕ್ಕೆ ಬರುವ ಹಾಗೆ ಕಟ್ಟಿ, ಸ್ವಲ್ಪ ಒಳಗಡೆ ಬಾಗಿರಲಿ. ಆ ಗಳುಗಳಿಗೆ ನೈಲಾನ್ ಬಲೆ ಕಟ್ಟಿ. ಬಲೆಯ ಮೇಲಂಚಿಗೆ ತೆಳು ದಾರ ಮಾತ್ರ ಇರಲಿ, ಜೋತು ಬಿದ್ದ ಹಾಗೆ ಇದ್ದರೂ ಪರವಾಗಿಲ್ಲ, ಒಳ್ಳೆಯದೇ. ಈಗ ಕೋಳಿ ಹಾರಿ ಬಂದು ಕೂರಲು ನೋಡಿದರೆ ಬಲೆ ತೂಗಾಡುತ್ತದೆ, ಕಾಲು ನಿಲ್ಲುವುದಿಲ್ಲ, ವಾಪಸ್ ಒಳಗೇ ಬೀಳುತ್ತದೆ. ನಾಲ್ಕು ಸಲ ಹಾಗಾದರೆ ಆ ಜಾಗ ಬಿಡುತ್ತದೆ. 5 ಅಡಿ ಚೈನ್ ಲಿಂಕ್, ಮೇಲೆ 2 ಅಡಿ ಸಡಿಲ ಬಲೆ, ಒಟ್ಟು 7 ಅಡಿ. ಒಂದೂಕಾಲು ಒಂದೂವರೆ ಕೆಜಿ ತೂಗುವ ನಾಟಿ ಹೇಂಟೆಗೆ ಸಾಮಾನ್ಯವಾಗಿ ಇದು ಸಾಕು. ಹೆಬ್ಬಾಳದಲ್ಲಿ ಅಭಿವೃದ್ಧಿ ಮಾಡಿದ ಗಿರಿರಾಜ, ಸ್ವರ್ಣಧಾರ ತಳಿಗಳಾಗಿದ್ದರೆ ನಾನು ಇಷ್ಟೆಲ್ಲ ಹೇಳುತ್ತಲೇ ಇರಲಿಲ್ಲ, ಮೈ ಭಾರದ ಆ ಕೋಳಿಗಳಿಗೆ ನಿಮ್ಮ ಈಗಿನ ಬೇಲಿಯೇ ಜಾಸ್ತಿ. ನಾಟಿ ಕೋಳಿಯ ಮೈ ಹಗುರ, ರೆಕ್ಕೆ ದೊಡ್ಡದು, ರಾತ್ರಿ ಮರದ ಮೇಲೆ ಮಲಗುತ್ತಿದ್ದ ಕಾಡುಕೋಳಿಯ ಬುದ್ಧಿ ಅದರಲ್ಲಿ ಇನ್ನೂ ಹಾಗೇ ಉಳಿದಿದೆ.

ನೈಲಾನ್ ಬಲೆಯ ಬಗ್ಗೆ ಒಂದು ಎಚ್ಚರಿಕೆ. ಅದನ್ನು ನೆಲದ ತನಕ ಇಳಿಬಿಡಬೇಡಿ. ಕೇರೆ ಹಾವು ಅದರಲ್ಲಿ ಸಿಕ್ಕಿಕೊಂಡು ಸಾಯುತ್ತದೆ, ಎಷ್ಟೋ ತೋಟದಲ್ಲಿ ಇದನ್ನು ನೋಡಿದ್ದೇನೆ. ನಾಗರಹಾವು ಸಿಕ್ಕಿಕೊಂಡರೆ ಬಿಡಿಸಲು ಹೋದವರಿಗೂ ಅಪಾಯ. ಕೆಳಗೆ ಯಾವಾಗಲೂ ಕಬ್ಬಿಣದ ಜಾಲರಿ, ಮೇಲೆ ಮಾತ್ರ ಬಲೆ.

ಕೆಳಗಡೆಯೂ ಕೆಲಸ ಇದೆ. ಚೈನ್ ಲಿಂಕಿನ ಕಣ್ಣು ದೊಡ್ಡದು, ಮರಿಗಳು ಸಲೀಸಾಗಿ ತೂರಿ ಆಚೆ ಹೋಗುತ್ತವೆ, ತಾಯಿ ಕೋಳಿ ಅವುಗಳ ಹಿಂದೆ ಹಾರುತ್ತದೆ. ನೆಲದಿಂದ ಎರಡಡಿ ತನಕ ಸಣ್ಣ ಕಣ್ಣಿನ ಜಾಲರಿ ಒಳಗಡೆಯಿಂದ ಕಟ್ಟಿ. ಮರಿಗಳಿದ್ದರೆ ಅರ್ಧ ಇಂಚಿನ ವೆಲ್ಡ್ ಮೆಶ್ಶೇ ಆಗಬೇಕು. ಅದರ ಜೊತೆಗೆ ಆಚೆಯ ಬದಿಯಲ್ಲಿ ಒಂದಡಿ ಅಗಲದ ಜಾಲರಿಯನ್ನು ನೆಲದ ಮೇಲೆ ಹಾಸಿ, ಬೇಲಿಯ ಬುಡಕ್ಕೆ ತಂತಿಯಿಂದ ಹೊಲಿದು, ಮೇಲೆ ಮಣ್ಣು ಕಲ್ಲು ಎಳೆದುಬಿಡಿ. ನಾಯಿ ಆಗಲಿ ಮುಂಗುಸಿ ಆಗಲಿ ಬೇಲಿಯ ಬುಡಕ್ಕೆ ಬಂದು ಅಲ್ಲೇ ಅಗೆಯುತ್ತದೆ, ಒಂದಡಿ ಹಿಂದೆ ಹೋಗಿ ಅಗೆಯಬೇಕು ಅಂತ ಅದಕ್ಕೆ ಹೊಳೆಯುವುದಿಲ್ಲ. ಗೇಟಿನ ಕೆಳಗೆ ಚಪ್ಪಡಿ ಕಲ್ಲು ಹಾಕಿ ಸಂದಿ ಮುಚ್ಚಿ. ನನಗೆ ಪೆಟ್ಟು ಬಿದ್ದದ್ದು ಆ ಸಂದಿಯಿಂದಲೇ. ಮುಂಗುಸಿಗೆ ಉರುಳು, ವಿಷ ಅಂತ ಯಾರಾದರೂ ಹೇಳಿದರೆ ಕೇಳಬೇಡಿ, ಅದು 1972ರ ವನ್ಯಜೀವಿ ಕಾಯ್ದೆಯಡಿ ರಕ್ಷಣೆ ಇರುವ ಪ್ರಾಣಿ. ಹಾಗೆಯೇ ಬೇಲಿಗೆ ಮನೆಯ ಕರೆಂಟು ಕೊಡುವ ಯೋಚನೆ ಕನಸಲ್ಲೂ ಬೇಡ. ಅದು ಅಪರಾಧ, ಮೊದಲು ಸಾಯುವುದು ಮನೆಯವರೋ ಪಕ್ಕದ ತೋಟದ ಮಗುವೋ ಆಗಿರುತ್ತದೆ.

ಈಗ ಖರ್ಚಿನ ಮಾತು. ಒಂದೂವರೆ ಎಕರೆ ಚೌಕಾಕಾರ ಇದ್ದರೆ ಸುತ್ತಳತೆಯೇ ಸುಮಾರು 1,020 ಅಡಿ. ಅಷ್ಟೂ ಉದ್ದಕ್ಕೆ ಬಲೆ, ಜಾಲರಿ ಕಟ್ಟುವುದು ಬೇಡ. ತೋಟದೊಳಗೆ ಎರಡು ಗುಂಟೆಗೆ ಮಾತ್ರ ಇಂಥ ಬೇಲಿ ಹಾಕಿ ಕೋಳಿಗಳನ್ನು ಅದರೊಳಗೆ ಇಟ್ಟರೆ ಸಾಕು. ಒಂದು ಗುಂಟೆ ಅಂದರೆ 33 ಅಡಿ ಉದ್ದ, 33 ಅಡಿ ಅಗಲ. ಅಂಥ ಎರಡು ಚೌಕ ಅಕ್ಕಪಕ್ಕ ಮಾಡಿ, ನಡುವೆ ಒಂದು ಅಡ್ಡ ಬೇಲಿ ಹಾಕಿದರೆ ಒಟ್ಟು 231 ಅಡಿ ಬೇಲಿ. ಎರಡೂ ಚೌಕ ಸೇರಿ ನಿಮ್ಮ 35 ಕೋಳಿಗೆ ತಲಾ ಸುಮಾರು 62 ಚದರ ಅಡಿ, ಒಂದು ಸಲಕ್ಕೆ ಒಂದೇ ಚೌಕದಲ್ಲಿ ಬಿಟ್ಟರೂ ಸುಮಾರು 31 ಚದರ ಅಡಿ ಸಿಗುತ್ತದೆ, ಇಕ್ಕಟ್ಟು ಅನ್ನಿಸುವುದಿಲ್ಲ. ಕೋಳಿ ಗೂಡು ನಡುವಿನ ಅಡ್ಡ ಬೇಲಿಯ ಮೇಲೆಯೇ ಬರಲಿ, ಎರಡೂ ಕಡೆಗೆ ಒಂದೊಂದು ಬಾಗಿಲು. ಮೂರು ನಾಲ್ಕು ವಾರ ಈ ಕಡೆ ಬಿಡಿ, ಆಮೇಲೆ ಆ ಕಡೆ. ಇದನ್ನು ಯಾಕೆ ಒತ್ತಿ ಹೇಳುತ್ತಿದ್ದೇನೆ ಅಂದರೆ, ಒಂದೇ ಜಾಗದಲ್ಲಿ ಕೂಡಿಹಾಕಿದರೆ ಎರಡು ತಿಂಗಳಲ್ಲಿ ಹುಲ್ಲಿನ ಒಂದು ಎಳೆಯೂ ಉಳಿಯುವುದಿಲ್ಲ, ಮಳೆ ಬಂದರೆ ಕೆಸರು, ಆ ಕೆಸರಿನಲ್ಲಿ ಹಿಕ್ಕೆ ಕಲೆತು ಮರಿಗಳಿಗೆ ರಕ್ತ ಭೇದಿ, ದೊಡ್ಡವಕ್ಕೆ ಜಂತುಹುಳ. ಒಳಗೆ ಬೋಳಾದಷ್ಟೂ ಆಚೆಯ ಹಸಿರು ಅವನ್ನು ಎಳೆಯುತ್ತದೆ.

ತೆಂಗಿನ ತೋಟ ಅಂದಿರಿ, ಅದಕ್ಕೆ ಇದನ್ನೂ ಹೇಳಬೇಕು. ಗಿಡುಗದ ಕಾಟಕ್ಕೆ ಮೇಲೆ ಪೂರ್ತಿ ಬಲೆ ಹೊದಿಸುವವರಿದ್ದಾರೆ. ಬಯಲಿನಲ್ಲಿ ಅದು ಸರಿ, ಹಾಗೆ ಹೊದಿಸಿದರೆ ಹಾರುವ ಪ್ರಶ್ನೆಯೇ ಇರುವುದಿಲ್ಲ. ಆದರೆ ತೆಂಗಿನ ಮರದ ಕೆಳಗೆ ಒಂದು ಒಣ ಗರಿ ಬಿದ್ದರೂ ಬಲೆ ಹರಿಯುತ್ತದೆ, ಕಾಯಿ ಬಿದ್ದರಂತೂ ಕಂಬವೇ ವಾಲುತ್ತದೆ. ನಿಮ್ಮ ಜಾಗದಲ್ಲಿ ಮೇಲೆ ಬಲೆ ಬೇಡ. ನುಗ್ಗೆ, ಪಪ್ಪಾಯಿ, ಬಾಳೆಯಂಥ ತಗ್ಗು ಮರಗಳನ್ನು ಒಳಗೆ ಬೆಳೆಸಿ, ಗಿಡುಗ ಬಂದಾಗ ಅಡಗಲು ಒಂದೆರಡು ಕಡೆ ಸೋಗೆಯ ತಗ್ಗು ಚಪ್ಪರ ಹಾಕಿ, ಸಾಕು. ಈ ಮರಗಳೂ ಬೇಲಿಯಿಂದ ದೂರ ಇರಲಿ. ನಿಮ್ಮಲ್ಲಿ ಸೋಗೆಗೆ ಬರ ಇಲ್ಲವಲ್ಲ, ಹೆಣೆದ ಸೋಗೆಯನ್ನು ಪಕ್ಕದವರ ಮಡಿಯ ಕಡೆಯ ಬೇಲಿಗೆ ಮೂರಡಿ ಎತ್ತರಕ್ಕೆ ಅಡ್ಡ ಕಟ್ಟಿ. ಆಚೆ ಏನಿದೆ ಅಂತ ಕಾಣದಿದ್ದರೆ ಅರ್ಧ ಆಸೆ ಹೋಗುತ್ತದೆ.

ಇನ್ನು ಮುಖ್ಯವಾದ ಮಾತು. ಕೋಳಿ ಪಕ್ಕದವರ ಸೊಪ್ಪಿನ ಮಡಿಗೇ ಯಾಕೆ ಹೋಗುತ್ತದೆ? ನಿಮ್ಮ ತೋಟದಲ್ಲಿ ಒಂದೂವರೆ ಎಕರೆ ಜಾಗ ಇದೆ ಅಲ್ವಾ. ಬೇಸಿಗೆಯಲ್ಲಿ ತೆಂಗಿನ ತೋಟದ ನೆಲ ಗಟ್ಟಿ, ಕೆದಕಿದರೆ ಏನೂ ಸಿಗುವುದಿಲ್ಲ. ಪಕ್ಕದ ಮಡಿಗೆ ದಿನಾ ನೀರು ಬೀಳುತ್ತದೆ, ಮಣ್ಣು ಸಡಿಲ, ಗೊಬ್ಬರ ಹಾಕಿದ್ದಾರೆ, ಎರೆಹುಳ ಇದೆ. ಕೋಳಿಗೆ ಕೊತ್ತಂಬರಿ ಬೇಕಾಗಿಲ್ಲ, ಅದಕ್ಕೆ ಕೆದಕುವ ಮಣ್ಣು ಬೇಕು, ಹುಳ ಬೇಕು, ಮೈಗೆ ಎರಚಿಕೊಳ್ಳಲು ಸಡಿಲ ಮಣ್ಣು ಬೇಕು. ಅದನ್ನು ನೀವೇ ಕೊಟ್ಟರೆ ಹಾರುವ ಕಾರಣವೇ ಕಡಿಮೆಯಾಗುತ್ತದೆ.

ತಿಪ್ಪೆಯನ್ನು ಬೇಲಿಯ ಒಳಕ್ಕೆ ತನ್ನಿ. ಇದೊಂದು ಕೆಲಸಕ್ಕೆ ಸಮ ಬೇರೆ ಇಲ್ಲ. ಸಗಣಿ, ಕಸಕಡ್ಡಿ, ಅಡುಗೆ ಮನೆಯ ಸಿಪ್ಪೆ ಎಲ್ಲ ಬೇಲಿಯ ನಡುವೆ ಒಂದು ಕಡೆ ಹಾಕಿ, ವಾರಕ್ಕೆರಡು ಸಲ ನೀರು ಚಿಮುಕಿಸಿ. ಕೋಳಿಗಳು ದಿನವೆಲ್ಲ ಅಲ್ಲೇ ಇರುತ್ತವೆ, ಗೊಬ್ಬರವೂ ಬೇಗ ಪುಡಿಯಾಗುತ್ತದೆ. ಮರಿಗಳಿಗೆ ಗೆದ್ದಲು ಕೊಡುವ ಹಳೇ ಉಪಾಯವೂ ಇದೆ. ಒಂದು ಹಳೇ ಮಡಕೆಗೆ ಒದ್ದೆ ಹುಲ್ಲು, ಸಗಣಿ, ಹರಿದ ಗೋಣಿ ತುರುಕಿ, ಗೆದ್ದಲು ಓಡಾಡುವ ಕಡೆ ಸಂಜೆ ಬೋರಲು ಹಾಕಿ. ಬೆಳಗ್ಗೆ ಎತ್ತಿದರೆ ತುಂಬಿರುತ್ತದೆ, ಮರಿಗಳ ಮುಂದೆ ಕೊಡವಿ. ಒಂದು ಮೂಲೆಯಲ್ಲಿ ಮಳೆ ಬೀಳದ ಹಾಗೆ ಮಾಡು ಹಾಕಿ, ಒಲೆ ಬೂದಿ ಬೆರೆಸಿದ ಒಣ ಮಣ್ಣು ಹಾಕಿಡಿ, ಮಣ್ಣಿನ ಸ್ನಾನಕ್ಕೆ.

ಕಾಳಿನ ಲೆಕ್ಕವನ್ನೂ ಬದಲಿಸಬೇಕು. ಬಿಟ್ಟು ಮೇಯಿಸುವಾಗ ಸಂಜೆ ಒಂದು ಹಿಡಿ ರಾಗಿಯೋ ನುಚ್ಚೋ ಹಾಕಿದರೆ ನಡೆಯುತ್ತಿತ್ತು, ಉಳಿದದ್ದನ್ನು ಅವು ಹುಡುಕಿಕೊಳ್ಳುತ್ತಿದ್ದವು. ಎರಡು ಗುಂಟೆಯೊಳಗೆ ಇಟ್ಟ ಮೇಲೆ ಆ ಹುಡುಕಾಟ ಇಲ್ಲ. ದೊಡ್ಡ ಕೋಳಿಯೊಂದು ದಿನಕ್ಕೆ 100 ಗ್ರಾಂ ಆಸುಪಾಸು ತಿನ್ನುತ್ತದೆ. ರಾಗಿ, ಜೋಳದ ನುಚ್ಚು, ಸ್ವಲ್ಪ ಹಿಂಡಿ, ನುಗ್ಗೆ ಸೊಪ್ಪು, ನೀರಿನ ಮೇಲೆ ತೇಲಿ ಬೆಳೆಯುವ ಅಜೋಲ್ಲಾ ಸಸ್ಯ, ಹೀಗೆ ಬೆರೆಸಿ ಕೊಡಿ. ಬೇಲಿ ಹಾಕಿ ಹೊಟ್ಟೆಗೆ ಕಡಿಮೆ ಮಾಡಿದರೆ ಹತ್ತಡಿ ಬೇಲಿಯನ್ನೂ ಹತ್ತಿ ಹೋಗುತ್ತವೆ, ಅದು ಅವುಗಳ ತಪ್ಪಲ್ಲ.

ಹೊಸ ಜಾಗಕ್ಕೆ ಹೊಂದಿಕೊಳ್ಳಲು ಮೊದಲ ಏಳೆಂಟು ದಿನ ಹಗಲೂ ಗೂಡಿನಲ್ಲೇ ಇಡಿ, ಗಾಳಿ ಬೆಳಕು ನೀರು ಇರಲಿ. ಆಮೇಲೆ ಮೊದಮೊದಲು ಸಂಜೆ ನಾಲ್ಕರ ಮೇಲೆ ಬಿಡಿ. ಮೊಟ್ಟೆ ಇಡುವ ಹೊತ್ತು ಆಗಲೇ ಮುಗಿದಿರುತ್ತದೆ, ಕತ್ತಲಾಗುವ ಹೊತ್ತು ಹತ್ತಿರ ಇರುತ್ತದೆ, ಹೊಟ್ಟೆ ಹಸಿದಿರುತ್ತದೆ. ದೂರ ಹೋಗುವುದಿಲ್ಲ. ಕಾಳು ಹಾಕುವಾಗ ಯಾವಾಗಲೂ ಒಂದೇ ಥರ ಕರೆಯಿರಿ, ಡಬ್ಬ ಅಲ್ಲಾಡಿಸಿ. ಹತ್ತು ದಿನದಲ್ಲಿ ಡಬ್ಬದ ಸದ್ದಿಗೆ ಓಡಿ ಬರುತ್ತವೆ. ಹಳ್ಳಿಯಲ್ಲಿ ಹೊಸ ಕೋಳಿ ತಂದಾಗ ಕಾಲಿಗೆ ಹಗ್ಗ ಕಟ್ಟಿ ಗೂಟಕ್ಕೆ ಬಿಗಿಯುತ್ತಾರೆ, ಇಲ್ಲಾ ಮಂಕರಿ ಮುಚ್ಚುತ್ತಾರೆ. ಮಂಕರಿ ಸರಿ. ಹಗ್ಗ ಬೇಡ, ಗಾಬರಿಯಾಗಿ ಹಾರಿದರೆ ಕಾಲು ಮುರಿಯುತ್ತದೆ, ನಾಯಿ ಬಂದರೆ ಓಡಲೂ ಆಗುವುದಿಲ್ಲ.

ಇಷ್ಟೆಲ್ಲ ಆದ ಮೇಲೂ ಆ ಬಳೆ ಹಾಕಿದ ನಾಲ್ಕೈದರಲ್ಲಿ ಎರಡು ಮೂರು ಹಾರುತ್ತಲೇ ಇರಬಹುದು. ಅವಕ್ಕೆ ಮಾತ್ರ ಕತ್ತರಿ. ಹೇಗೆ ಅಂತ ನಿಧಾನವಾಗಿ ಹೇಳುತ್ತೇನೆ.

ಕತ್ತಲಾದ ಮೇಲೆ, ಕೋಳಿ ಕೂತು ಮಲಗಿದಾಗ ಹಿಡಿಯಿರಿ. ಹಗಲು ಅಟ್ಟಿಸಿಕೊಂಡು ಹಿಡಿಯಬೇಡಿ, ಬೇಸಿಗೆಯಲ್ಲಿ ಆ ಗಾಬರಿಗೇ ಕೋಳಿ ಸತ್ತದ್ದಿದೆ. ಇಬ್ಬರು ಬೇಕು, ಒಬ್ಬರು ಹಿಡಿಯಲು, ಒಬ್ಬರು ಕತ್ತರಿಸಲು. ಒಳ್ಳೆ ಟಾರ್ಚ್ ಇರಲಿ. ಕೋಳಿಯನ್ನು ಹಳೇ ಟವೆಲ್ಲಿನಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಳ್ಳಿ, ತಲೆ ಮುಚ್ಚಿದರೆ ಸುಮ್ಮನಾಗುತ್ತದೆ. ಎದೆಯನ್ನು ಬಿಗಿಯಾಗಿ ಅದುಮಬೇಡಿ. ನಮ್ಮ ಹಾಗೆ ಕೋಳಿಗೆ ವಪೆ, ಅಂದರೆ ಎದೆ ಹೊಟ್ಟೆಯ ನಡುವೆ ಉಸಿರಾಡಿಸುವ ಪರದೆ, ಇಲ್ಲ, ಎದೆಯ ಮೂಳೆ ಮೇಲೆ ಕೆಳಗೆ ಆಡಿದರೆ ಮಾತ್ರ ಅದಕ್ಕೆ ಉಸಿರು. ಗಟ್ಟಿಯಾಗಿ ಒತ್ತಿ ಹಿಡಿದರೆ ಕೈಯಲ್ಲೇ ಉಸಿರು ನಿಲ್ಲುತ್ತದೆ.

ಒಂದು ರೆಕ್ಕೆಯನ್ನು ಮಾತ್ರ ಬೀಸಣಿಗೆ ಹಾಗೆ ಬಿಡಿಸಿ. ತುದಿಯ ಕಡೆ ಉದ್ದನೆಯ, ಚೂಪಾದ 10 ಗರಿ ಕಾಣುತ್ತವೆ. ಹಾರಲು ಮುಂದಕ್ಕೆ ತಳ್ಳುವುದು ಅವೇ. ರೆಕ್ಕೆ ಮಡಿಚಿದಾಗ ಅವು ಒಳಗೆ ಅಡಗುತ್ತವೆ. ಅದರ ಪಕ್ಕ ಮೈ ಕಡೆಗೆ ಇರುವ ಅಗಲ ಗರಿಗಳು ಬೇರೆ, ಅವನ್ನು ಮುಟ್ಟಬೇಡಿ. ಮಳೆ ಚಳಿಗೆ ಮೈ ಮುಚ್ಚುವುದು, ತಾಯಿ ಕೋಳಿ ಮರಿಗಳನ್ನು ಒಳಗೆ ಎಳೆದುಕೊಳ್ಳುವುದು ಅವುಗಳಿಂದಲೇ. ಈಗ ಆ 10 ಗರಿಯನ್ನು ತಿರುಗಿಸಿ ಕೆಳಗಿನಿಂದ ಟಾರ್ಚ್ ಬಿಟ್ಟು ಕಾಂಡ ನೋಡಿ. ಕಾಂಡ ಬೆಳ್ಳಗೆ, ಟೊಳ್ಳಾಗಿ ಕಂಡರೆ ಬಲಿತ ಗರಿ. ಬುಡದ ಕಡೆ ನೀಲಿಯೋ ಕಡುಕೆಂಪೋ ಬಣ್ಣ, ದಪ್ಪ, ಮೆತ್ತಗೆ, ಸುತ್ತ ಮೇಣದಂಥ ಪೊರೆ ಇದ್ದರೆ ಅದು ಬೆಳೆಯುತ್ತಿರುವ ಗರಿ, ಒಳಗೆ ರಕ್ತ ಓಡುತ್ತಿದೆ. ಅದನ್ನು ಬಿಟ್ಟುಬಿಡಿ. ಕಪ್ಪು ಕೋಳಿಯಲ್ಲಿ ಕಾಂಡವೂ ಕಪ್ಪಾಗಿರುವುದರಿಂದ ಗೊತ್ತಾಗುವುದು ಕಷ್ಟ, ಅದಕ್ಕೆ ಇನ್ನೂ ಸಮಾಧಾನದಿಂದ ನೋಡಿ. ಸಂಶಯ ಬಂದರೆ ಒಂದೂವರೆ ತಿಂಗಳು ಬಿಟ್ಟು ಮಾಡಿ, ಏನೂ ತೊಂದರೆ ಇಲ್ಲ.

ರೆಕ್ಕೆಯ ಮೇಲೆ ಉದ್ದ ಗರಿಗಳ ಬುಡವನ್ನು ಮುಚ್ಚಿದ ಸಣ್ಣ ಗರಿಗಳ ಸಾಲು ಇರುತ್ತದೆ ನೋಡಿ, ಅದೇ ನಿಮಗೆ ಗೆರೆ. ಆ ಸಾಲಿನ ತುದಿಯಿಂದ ಅರ್ಧ ಇಂಚು ಒಂದು ಇಂಚು ಆಚೆಗೆ, ಹರಿತವಾದ ಕತ್ತರಿಯಿಂದ ಒಂದೊಂದಾಗಿ ಕತ್ತರಿಸಿ. ಆ ಸಾಲಿನ ಒಳಕ್ಕೆ ಹೋಗಬಾರದು. ಮೊಂಡು ಕತ್ತರಿ ಬೇಡ, ಕಾಂಡ ಸೀಳುತ್ತದೆ. ಒಂದೇ ರೆಕ್ಕೆ ಯಾಕೆ ಅಂದರೆ, ಎರಡೂ ಕಡೆ ಸಮನಾಗಿ ಕತ್ತರಿಸಿದರೆ ಹಗುರ ಮೈಯ ನಾಟಿ ಕೋಳಿ ಜೋರಾಗಿ ಬಡಿದು ಅಷ್ಟೋ ಇಷ್ಟೋ ಮೇಲೇಳುವುದನ್ನು ಕಲಿಯುತ್ತದೆ. ಒಂದೇ ಕಡೆ ಕತ್ತರಿಸಿದರೆ ಸಮತೋಲ ತಪ್ಪಿ ಪಕ್ಕಕ್ಕೆ ತಿರುಗಿ ಬೀಳುತ್ತದೆ, ನಾಲ್ಕು ದಿನದಲ್ಲಿ ಬಿಡುತ್ತದೆ. ಎಲ್ಲಕ್ಕೂ ಬಲಗಡೆಯೇ ಅಂತ ಇಟ್ಟುಕೊಳ್ಳಿ, ಮುಂದಿನ ಸಲ ಗೊಂದಲ ಆಗುವುದಿಲ್ಲ.

ಅಕಸ್ಮಾತ್ ರಕ್ತ ಬಂದರೆ ಗಾಬರಿ ಬೇಡ. ಅರಿಶಿನ ಪುಡಿ ಇಲ್ಲವೇ ಕಾರ್ನ್‌ಫ್ಲೋರ್ ಗಟ್ಟಿಯಾಗಿ ಒತ್ತಿ ಕೆಲವು ನಿಮಿಷ ಹಿಡಿಯಿರಿ. ನಿಲ್ಲದಿದ್ದರೆ ಪಶುವೈದ್ಯರ ಹತ್ತಿರ ಒಯ್ಯಿರಿ. ರಕ್ತ ಒಣಗುವ ತನಕ ಬೇರೆ ಕಡೆ ಇಡಿ, ಕೆಂಪು ಕಂಡರೆ ಉಳಿದ ಕೋಳಿಗಳು ಕುಟುಕಿ ಕುಟುಕಿ ಗಾಯ ದೊಡ್ಡದು ಮಾಡುತ್ತವೆ.

ಇದು ಶಾಶ್ವತ ಅಲ್ಲ. ವರ್ಷಕ್ಕೊಮ್ಮೆ ಕೋಳಿ ಗರಿ ಉದುರಿಸುತ್ತದೆ, ಆಗ ಕತ್ತರಿಸಿದ ಮೋಟು ಬಿದ್ದು ಹೊಸ ಗರಿ ಬರುತ್ತದೆ, ಬಲಿತ ಮೇಲೆ ಮತ್ತೆ ನೋಡಬೇಕು. ಗರಿ ಉದುರುವ ಕಾಲದಲ್ಲಿ ಮಾತ್ರ ಕತ್ತರಿ ಹತ್ತಿರ ತರಬೇಡಿ, ಆಗ ಎಲ್ಲವೂ ರಕ್ತ ತುಂಬಿದ ಗರಿಗಳೇ. ಐದಾರು ತಿಂಗಳು ತುಂಬದ ಮರಿಗಳಿಗೂ ಬೇಡ, ಅವು ಮೇಲಿಂದ ಮೇಲೆ ಗರಿ ಬದಲಿಸುತ್ತಿರುತ್ತವೆ. ಕಾವಿಗೆ ಕೂತದ್ದು, ಮರಿ ಇರುವ ತಾಯಿ, ಇವಕ್ಕೂ ಬೇಡ. ಹುಂಜಗಳಿಗೂ ನಾನು ಮಾಡುವುದಿಲ್ಲ. ಗಿಡುಗ ಬಂದಾಗ ಎದುರು ನಿಲ್ಲುವುದು ಅದೇ. ಹುಂಜವೇ ಮುಂದಾಳಾಗಿದ್ದರೆ ಅದನ್ನು ಮಾರಿ ಬೇರೆ ತನ್ನಿ, ಅಥವಾ ಮೂರರಲ್ಲಿ ಒಂದನ್ನು ಕಡಿಮೆ ಮಾಡಿ, 32 ಹೇಂಟೆಗೆ ಎರಡು ಮೂರೇ ಸಾಕು. ಹುಂಜಗಳ ಜಗಳದಲ್ಲಿ ಸೋತದ್ದು ಬೇಲಿ ಹಾರುವುದು ಬಹಳ ಸಾಮಾನ್ಯ.

ಕತ್ತರಿಸಿದ ಕೋಳಿಗೆ ಮಲಗುವ ಕೋಲು ತಗ್ಗಿಸಿ, ಎರಡಡಿಗಿಂತ ಎತ್ತರ ಬೇಡ, ಹತ್ತಲು ಒಂದು ಏಣಿ ಇಡಿ. ಎತ್ತರದಿಂದ ದೊಪ್ಪನೆ ಇಳಿದರೆ ಅಂಗಾಲಿಗೆ ಪೆಟ್ಟಾಗಿ ಬಾವು ಕಟ್ಟುತ್ತದೆ. ಸಂಜೆ ಲೆಕ್ಕ ಮಾಡಿ ಬಾಗಿಲು ಹಾಕುವುದನ್ನು ಒಂದು ದಿನವೂ ತಪ್ಪಿಸಬೇಡಿ, ಮರ ಹತ್ತಲಾಗದ ಕೋಳಿ ಹೊರಗೆ ಉಳಿದರೆ ರಾತ್ರಿ ಪುನುಗು ಬೆಕ್ಕಿನ ಪಾಲು. ಇನ್ನೊಂದು, ಕೆಲವರು ರೆಕ್ಕೆಯ ತುದಿಯ ಗೆಣ್ಣನ್ನೇ ಕತ್ತರಿಸುತ್ತಾರೆ, ಮತ್ತೆ ಗರಿ ಬರದಿರಲಿ ಅಂತ. ಅದು ಬೆರಳು ಕತ್ತರಿಸಿದ ಹಾಗೆ. ಯಾರೇ ಸಲಹೆ ಕೊಟ್ಟರೂ ದಯವಿಟ್ಟು ಮಾಡಬೇಡಿ.

ಪಕ್ಕದವರ ವಿಷಯ. ನನ್ನ ಮಾತು ಕೇಳಿ, ನಾಳೆಯೇ ಹೋಗಿ ಮಾತಾಡಿ. ನಿಮ್ಮ ಬೇಲಿ ಆಗಲು ತಿಂಗಳು ಹಿಡಿಯಬಹುದು, ಅವರ ಸೊಪ್ಪು ಅಷ್ಟು ದಿನ ಕಾಯುವುದಿಲ್ಲ. ಅವರ ಮಡಿ ಎಷ್ಟು ದೊಡ್ಡದು? 20 ಅಡಿಗೆ 10 ಅಡಿ ಇದ್ದರೆ ಸುತ್ತ 60 ಅಡಿ ಬಲೆ ಸಾಕು. ನಾಲ್ಕಡಿ ಎತ್ತರದ ಬಲೆಯನ್ನು ನೆಲಕ್ಕೆ ತಾಗದ ಹಾಗೆ ಗೂಟಕ್ಕೆ ಕಟ್ಟಿ, ಕೆಳಗಿನ ಸಂದಿಗೆ ಸೋಗೆ ಅಡ್ಡ ಇಟ್ಟು, ನಿಮ್ಮ ಖರ್ಚಿನಲ್ಲಿ ನೀವೇ ಹಾಕಿಕೊಡಿ. ಹಾಳಾದ ಸೊಪ್ಪಿಗೆ ಅವರು ಕೇಳುವ ಮೊದಲೇ ಏನಾದರೂ ಕೊಡಿ, ಮೊಟ್ಟೆಯಾದರೂ ಸರಿ. ಅವರು ಬೆಳಗ್ಗೆ ಎದ್ದು ನೀರು ಹಾಕಿ ಬೆಳೆಸಿದ ಮಡಿ ಅದು, ಒಂದೇ ಗಳಿಗೆಯಲ್ಲಿ ಕೋಳಿ ಬುಡಮೇಲು ಮಾಡಿದರೆ ಅವರ ಸಿಟ್ಟು ನ್ಯಾಯವೇ. ಬೇಸತ್ತ ಕೆಲವರು ವಿಷದ ಕಾಳು ಎರಚುತ್ತಾರೆ. ಆ ಹಂತಕ್ಕೆ ಹೋಗುವ ಮೊದಲು ಮಾತು ಮುಗಿಸಿ.

ಅವರ ಮನೆಯಲ್ಲೂ ಕೋಳಿ ಇದ್ದರೆ ಇನ್ನೊಂದು ಕಾರಣ ಇದೆ. ಕೊಕ್ಕರೆ ರೋಗ (ರಾಣಿಖೇತ್) ಬಂದಾಗ ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಹರಡುವುದು ಹೀಗೆ ಬೆರೆತು ಮೇಯುವುದರಿಂದಲೇ. ಈ ರೋಗಕ್ಕೆ ಲಸಿಕೆ ಇದೆ, ಮರಿಗಳಿಗೆ ಮೊದಲ ವಾರದಲ್ಲಿ ಲಸೋಟಾ ಹನಿ, ಸುಮಾರು 8 ವಾರಕ್ಕೆ ಆರ್2ಬಿ ಚುಚ್ಚುಮದ್ದು, ಇದನ್ನು ಹತ್ತಿರದ ಪಶು ಆಸ್ಪತ್ರೆಯಲ್ಲಿ ಕೇಳಿ ಹಾಕಿಸಿ. ಇಬ್ಬರೂ ಒಂದೇ ದಿನ ಹಾಕಿಸಿದರೆ ಇನ್ನೂ ಒಳ್ಳೆಯದು, ಒಂದು ಬಾಟಲಿ ಲಸಿಕೆ ತೆರೆದರೆ ಎಷ್ಟೋ ಕೋಳಿಗೆ ಆಗುತ್ತದೆ.

ಕೊನೆಗೆ ಗಿನಿ ಕೋಳಿ. ಹಾವು ಕಂಡರೆ ಸುತ್ತುವರಿದು ಕೂಗಿ ಊರಿಗೇ ತಿಳಿಸುತ್ತವೆ ಅನ್ನುವುದು ನಿಜ, ಆದರೆ ಹಾವು ಬರದ ಹಾಗೆ ತಡೆಯುತ್ತವೆ ಅಂತೇನಿಲ್ಲ. ಹಾವು ಬರುವುದು ಇಲಿಗೆ, ಮೊಟ್ಟೆಗೆ. ಕಾಳು ಚೆಲ್ಲದ ಹಾಗೆ ನೋಡಿಕೊಳ್ಳಿ, ಮೊಟ್ಟೆ ಆಗಾಗ ಎತ್ತಿ, ಮಟ್ಟೆ ರಾಶಿಯನ್ನು ಗೂಡಿನಿಂದ ದೂರ ಹಾಕಿ. ಹಾರುವ ವಿಷಯದಲ್ಲಿ ಗಿನಿ ಕೋಳಿ ನಿಮ್ಮ ನಾಟಿಗಿಂತ ಎಷ್ಟೋ ಮುಂದೆ, 7 ಅಡಿ ಬೇಲಿ ಅದಕ್ಕೆ ಲೆಕ್ಕಕ್ಕೇ ಇಲ್ಲ, ತೆಂಗಿನ ಮರದ ಸುಳಿಗೆ ಹೋಗಿ ಕೂರುತ್ತದೆ, ಗುಂಪಾಗಿ ಬೆಳಗಿನ ಜಾವ ಕಿರುಚುತ್ತದೆ. ಪಕ್ಕದವರ ಜೊತೆ ಈಗಿರುವ ಪರಿಸ್ಥಿತಿಯಲ್ಲಿ ಖಂಡಿತ ಬೇಡ. ಈ ವರ್ಷ ಬೇಲಿ ಮುಗಿಸಿ, ಕೋಳಿಗಳು ಡಬ್ಬದ ಸದ್ದಿಗೆ ಗೂಡಿಗೆ ಬರುವುದು ಅಭ್ಯಾಸವಾಗಲಿ, ಪಕ್ಕದವರು ನಿಮ್ಮ ಮನೆಗೆ ಮೊಟ್ಟೆ ಕೇಳಿಕೊಂಡು ಬರುವ ಹಾಗಾಗಲಿ. ಆಮೇಲೂ ಗಿನಿ ಬೇಕು ಅನ್ನಿಸಿದರೆ ದೊಡ್ಡವನ್ನು ತರಬೇಡಿ, ಮೊಟ್ಟೆ ತಂದು ನಿಮ್ಮದೇ ಕಾವು ಕೂತ ಹೇಂಟೆಯ ಕೆಳಗೆ ಇಡಿ, 26 ರಿಂದ 28 ದಿನಕ್ಕೆ ಮರಿಯಾಗುತ್ತವೆ. ನಾಟಿ ತಾಯಿಯ ಹಿಂದೆ ಬೆಳೆದ ಗಿನಿ ಮರಿ ಅದರ ಜೊತೆಗೇ ಗೂಡಿಗೆ ಬರುವುದನ್ನು ಕಲಿಯುತ್ತದೆ.